ಕೊಂಡಿ ಸರಿಯಿತ್ತು

ಕಲಾಯಿ ಸಾಬರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಕಾದ ತವರ ಬಿದ್ದು ಹೋದ ಉಗುರು ಮತ್ತೆ ಬೆಳೆಯಲೇ ಇಲ್ಲವಂತೆ. ಉಳಿದ ಬೆರಳುಗಳೆಲ್ಲ ಇದ್ದಿಲ ಮಸಿಯಿಂದ ಕಪ್ಪಾಗಿದ್ದರೆ ಅದೊಂದು ಮಾತ್ರ ನುಣ್ಣಗೆ, ಬೆಳ್ಳಗೆ, ಕೂಸಿನ ಹಿಮ್ಮಡಿಯಂತೆ ಇತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿ ಮುಗಿಸಿದ ಮೇಲೆ ಆ ಬೆರಳನ್ನು ಒಳಗೆ ಒಂದು ಸುತ್ತು ಆಡಿಸುತ್ತಿದ್ದರು. ತವರ ಹಿಡಿಯದ ಜಾಗದಲ್ಲಿ ಬೆರಳು ತಾನಾಗಿ ನಿಲ್ಲುತ್ತಿತ್ತು. ಕಣ್ಣಿಗಿಂತ ಹೆಚ್ಚಾಗಿ ಅವರು ಆ ಬೆರಳನ್ನೇ ನಂಬುತ್ತಿದ್ದರು.

ಮನೆ ಹರಿಹರದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ತಿಂಗಳಿಗೊಮ್ಮೆ ಬೆಂಕಿಗೆ ಗಾಳಿ ಊದುವ ತಿದಿಯನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬರುತ್ತಿದ್ದರು. ನಮ್ಮದು ಮಿಲ್ಲಿನ ಹಿಂದಿನ ವಠಾರ. ಬೇವಿನ ಮರದ ಕೆಳಗೆ ಕುಳಿ ತೋಡಿ ಬೆಂಕಿ ಹಾಕಿದರೆಂದರೆ ಕಾದ ಪಾತ್ರೆಗೆ ಉದುರಿಸುವ ನವಸಾಗರದ ಪುಡಿಯ ಬಿಳಿ ಹೊಗೆಗೆ ಹೆಂಗಸರೆಲ್ಲ ಕೆಮ್ಮುತ್ತಲೇ ಹರಟೆಗೆ ಕೂರುತ್ತಿದ್ದರು.

"ಹೊರಗ ಎಲ್ಲರೂ ತಿಕ್ಕಿ ಹೊಳಪು ಮಾಡ್ತಾರೆ ತಮ್ಮಾ" ಎಂದು ನನಗೆ ಹೇಳುತ್ತಿದ್ದರು. "ನಾನು ಒಳಗ ನೋಡ್ತೀನಿ. ಪಾತ್ರೆ ಒಳಗ ನೋಡಿದ್ರೆ ಆ ಮನಿ ಎಂಥದ್ದು ಅಂತ ಗೊತ್ತಾಗ್ತೈತೆ."

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹೈಸ್ಕೂಲು ಮುಗಿಸಿ ಮಿಲ್ಲಿನಲ್ಲಿ ಬದಲಿ ಕೆಲಸಕ್ಕೆ ಸೇರಿದ್ದೆ. ಯಾರಾದರೂ ರಜೆ ಹಾಕಿದರೆ ನನಗೆ ಆ ದಿನ ಕೆಲಸ, ಇಲ್ಲವಾದರೆ ಗೇಟಿನಿಂದ ಮನೆಗೆ. ಮದುವೆಯಾಗಿ ಎರಡನೆಯ ವರ್ಷ ನಮ್ಮ ಕೂಸು ಹುಟ್ಟಿದ ಹನ್ನೊಂದನೆಯ ದಿನಕ್ಕೆ ಹೋಯಿತು. ನನ್ನ ಹೆಂಡತಿ ಆಮೇಲೆ ಮಾತು ಬಿಟ್ಟಳು. ಕೇಳಿದ್ದಕ್ಕೆ ತಲೆ ಆಡಿಸುವಳು, ಅಷ್ಟೆ. ಒಂದು ದಿನ ಅವಳು ಪಾತ್ರೆ ತಂದು ಬೇವಿನ ಮರದ ಕೆಳಗಿಟ್ಟು ಸುಮ್ಮನೆ ಒಳಗೆ ಹೋದಳು. ಸಾಬರು ನನ್ನನ್ನು ಕರೆದು ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಕೈಯಲ್ಲಿದ್ದ ಪಾತ್ರೆಯನ್ನು ಬೆಂಕಿಯಿಂದ ಇಳಿಸಿದರು.

"ನಮ್ಮನ್ಯಾಗ ಒಂದು ಮೊಲ ಐತೆ. ಅದೂ ಮಾತಾಡಂಗಿಲ್ಲ" ಎಂದರು. "ಇಬ್ಬರಿಗೂ ಸರಿಹೋಗ್ತೈತೇನೋ."

ಅವರ ಹಿತ್ತಲಲ್ಲಿ ಮೊಲಗಳಿರುವುದು ಹಲವರಿಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯಲ್ಲಿ ಮೊಲ ಮಾರುವವರು ಕಾಯಿಲೆ ಬಿದ್ದವನ್ನು ಅಲ್ಲೇ ಬಿಟ್ಟುಹೋಗುತ್ತಿದ್ದರು. ಸಾಬರು ಅವನ್ನು ಮನೆಗೆ ತಂದು, ಕಜ್ಜಿಗೆ ಬೇವಿನೆಣ್ಣೆ ಹಚ್ಚಿ, ಹುಷಾರು ಮಾಡಿ, ನಂಬಿಕೆ ಬಂದ ಮನೆಗೆ ಕೊಡುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಕೊಡುವ ಮೊದಲು ಆ ಮನೆಯ ಪಾತ್ರೆಗಳನ್ನೆಲ್ಲ ಒಮ್ಮೆ ತರಿಸಿ ನೋಡುತ್ತಿದ್ದರು. ವಠಾರದ ಅಜ್ಜಿಯೊಬ್ಬಳು "ಏನ್ ಸಾಬ್ರೆ, ಮೊಲ ಕೊಡ್ತೀರೋ ಮಗಳನ್ನ ಕೊಡ್ತೀರೋ?" ಎಂದು ಛೇಡಿಸಿದಾಗ, "ಮಗಳಾದ್ರೆ ಬಾಯೈತೆ ಅಜ್ಜಿ, ತವರಿಗೆ ಬಂದು ಹೇಳ್ತಾಳೆ. ಇದು ಎಲ್ಲಿ ಬಂದು ಹೇಳ್ಬೇಕು?" ಎಂದಿದ್ದರು.

ನಮ್ಮ ಪಾತ್ರೆಗಳೊಳಗೆ ಬೆರಳಾಡಿಸಿ ನೋಡಿದರು. ಸಾರಿನ ಬೋಗುಣಿ, ಹಾಲಿನ ತಂಬಿಗೆ, ಎಲ್ಲ. "ಚೊಕ್ಕಟ ಅದಾವೆ. ಭಾನುವಾರ ಇಬ್ಬರೂ ಬರ್ರಿ" ಎಂದರು.

ಹೋದೆವು. ಅವರ ಹೆಂಡತಿ ಬಾಗಿಲಲ್ಲೇ, "ಬಾರಮ್ಮ, ಬಾ. ಇವ್ರಿಗೆ ನಾನು ಉಂಡ್ನೋ ಇಲ್ವೋ ಗೊತ್ತಿರಂಗಿಲ್ಲ. ಯಾವ ಮೊಲ ಎಷ್ಟು ಸೊಪ್ಪು ತಿಂತು ಅಂತ ಕೇಳು, ಹೇಳ್ತಾರೆ" ಎಂದು ನಗುತ್ತಾ ಕರೆದರು. ಹಿತ್ತಲಲ್ಲಿ ಸೀಮೆಎಣ್ಣೆ ಡಬ್ಬಿಗಳನ್ನು ಕತ್ತರಿಸಿ ಮಾಡಿದ ಏಳೆಂಟು ಗೂಡುಗಳು. ನಮಗೆಂದು ಇಟ್ಟಿದ್ದ ಮೊಲ ಪೂರಾ ಬಿಳಿ, ಬಲಗಿವಿ ಅರ್ಧ ಹರಿದಿತ್ತು. ಸಾಬರು ಎತ್ತಿ ನನ್ನ ಹೆಂಡತಿಯ ಮಡಿಲಿಗೆ ಇಟ್ಟಾಗ ಅದರ ಬೆನ್ನಿನ ಮೇಲೆ ನಾಲ್ಕು ಕಪ್ಪು ಬೆರಳಿನ ಗುರುತು ಉಳಿಯಿತು. ಅವಳು ಅದನ್ನು ಸೆರಗಿನಿಂದ ಒರೆಸಿ, "ಮಸಿ ಮಾಡಿದ್ರಲ್ಲ ಅಣ್ಣಾ" ಎಂದಳು. ನಾಲ್ಕು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಪೂರ್ತಿ ಮಾತು ಅದು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಮೊಲದ ಜೊತೆಗೆ ಕೊಟ್ಟ ಗೂಡಿಗೆ ಸಾಬರೇ ಒಂದು ತಗಡಿನ ಕೊಂಡಿ ಮಾಡಿದ್ದರು. ಒತ್ತಿ, ಎತ್ತಿ, ಆಮೇಲೆ ಎಳೆಯಬೇಕು. "ಬೆಕ್ಕು ತಿಪ್ಪರಲಾಗ ಹಾಕಿದ್ರೂ ತೆಗೆಯೋಕಾಗಲ್ಲ" ಎಂದು ಹೆಮ್ಮೆಯಿಂದ ನನ್ನ ಕೈಯಲ್ಲಿ ಎರಡು ಸಲ ತೆಗೆಸಿ ಹಾಕಿಸಿದರು. ಹೊರಡುವಾಗ ಹೇಳಿದ್ದು ಒಂದೇ ಮಾತು: "ಸಾಕೋಕಾಗಲಿಲ್ಲ ಅಂದ್ರೆ ನನಗ ತಂದು ಕೊಡು ತಮ್ಮಾ. ಬ್ಯಾರೆ ಯಾರಿಗೂ ಕೊಡಬ್ಯಾಡ. ಯಾಕ ಅಂತ ನಾನು ಕೇಳಂಗಿಲ್ಲ." ಆಗಲಿ ಎಂದು ಅವರ ಕೈ ಹಿಡಿದು ಹೇಳಿದೆ.

ಒಂದೂವರೆ ವರ್ಷ ಮೊಲ ನಮ್ಮಲ್ಲಿತ್ತು. ಮೂಲಂಗಿ ಸೊಪ್ಪು ತಿಂದು, ಅವಳು ಹೂ ಕಟ್ಟುವಾಗ ಕಾಲ ಬಳಿ ಮಲಗಿ, ನಾನು ಬಂದರೆ ಪಂಚೆಯ ಅಂಚು ಕಡಿಯುತ್ತಾ. ಅವಳು ಮತ್ತೆ ನೆರೆಯವರೊಡನೆ ಮಾತಾಡತೊಡಗಿದಳು, ಜಗಳವನ್ನೂ ಆಡತೊಡಗಿದಳು. ಸಾಬರು ಬಂದಾಗಲೆಲ್ಲ ಮೊದಲು ಮೊಲವನ್ನು ನೋಡಿ, ನಮ್ಮ ಮನೆಯ ಚಹಾ ಕುಡಿದು, ಆಮೇಲೆ ಬೆಂಕಿ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಮಿಲ್ಲಿನಲ್ಲಿ ನಮ್ಮ ಖಾತೆಯ ಮೇಸ್ತ್ರಿ ನನ್ನನ್ನು ಕರೆದ. ಬದಲಿ ಕೆಲಸದವರಲ್ಲಿ ಯಾರನ್ನು ಖಾಯಂ ಮಾಡಬೇಕೆಂದು ಪಟ್ಟಿ ಬರೆಯುವವನು ಅವನೇ.

"ಏನಪಾ, ನಿಮ್ಮನ್ಯಾಗ ಬಿಳೀ ಮೊಲ ಐತಂತೆ?"

"ಐತ್ರಿ ಅಣ್ಣಾರೆ."

"ನನ್ನ ಮಗಳ ಕೂದಲೆಲ್ಲ ಉದುರ್ತಾವೆ. ನೋಡೋಕೆ ಬರೋ ಗಂಡಿನ ಕಡೇರು ಮೊದಲು ಜಡೆ ನೋಡ್ತಾರೆ. ಮೊಲದ ರಕ್ತ ಹಾಕಿ ಕಾಸಿದ ಎಣ್ಣೆ ಹಚ್ಚಿದ್ರೆ ನಿಲ್ತೈತೆ ಅಂತ ಹೇಳ್ಯಾರೆ."

"ಈ ವಾರ ಪಟ್ಟಿ ಬರೀಬೇಕು" ಎಂದ ಮೇಸ್ತ್ರಿ. ಅಷ್ಟೇ ಎಂದ.

ಹೆಂಡತಿ ತವರುಮನೆ ಭಾನುವಳ್ಳಿಗೆ ಹೋಗಿದ್ದಳು. ನಾನು ಒತ್ತಿ, ಎತ್ತಿ, ಎಳೆದು ಕೊಂಡಿ ತೆಗೆದೆ. ಕೈಚೀಲದಲ್ಲಿ ಮೊಲ ಒಂದಿಷ್ಟೂ ಒದ್ದಾಡಲಿಲ್ಲ. ಅದಕ್ಕೆ ನನ್ನ ಕೈ ಪರಿಚಯವಾಗಿತ್ತು. ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ತೂಗುಹಾಕಿಕೊಂಡು ಹೋಗಿ ಮೇಸ್ತ್ರಿಯ ಹೆಂಡತಿಯ ಕೈಗೆ ಕೊಟ್ಟೆ. ಹರಿಹರಕ್ಕೆ ಬಸ್ಸು ಅರ್ಧ ಗಂಟೆಯ ದಾರಿ. ಬೇಡ ಎಂದು ಸಾಬರಿಗೆ ವಾಪಸು ಕೊಟ್ಟಿದ್ದರೆ ಯಾಕೆಂದೂ ಅವರು ಕೇಳುತ್ತಿರಲಿಲ್ಲ.

ಹೆಂಡತಿ ಬಂದಾಗ ಬೆಕ್ಕು ಒಯ್ದಿತು ಎಂದೆ. ಅವಳು ಖಾಲಿ ಗೂಡಿನ ಮುಂದೆ ಕೂತುಬಿಟ್ಟಳು. ಸಾಬರಿಗೂ ಅದನ್ನೇ ಹೇಳಿದೆ. ಅವರು ಗೂಡನ್ನು ಮರದ ಕೆಳಗೆ ತರಿಸಿ ಕೊಂಡಿಯನ್ನು ಹತ್ತಾರು ಸಲ ತೆಗೆದು ಹಾಕಿದರು. ಕೊನೆಗೆ, "ಸವೆದೈತೆ ಕಾಣ್ತೈತೆ. ನನ್ನದೇ ತಪ್ಪು ತಂಗೀ" ಎಂದು ನನ್ನ ಹೆಂಡತಿಯ ಮುಂದೆ ತಲೆ ತಗ್ಗಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ದಪ್ಪ ತಗಡಿನ ಹೊಸ ಕೊಂಡಿಯೊಂದನ್ನು ಮಾಡಿಕೊಂಡು ಬಂದರು. "ಇದನ್ನ ಹಾಕ್ರಿ, ಇನ್ನೊಂದು ಮೊಲ ಕೊಡ್ತೀನಿ." ಹೆಂಡತಿ ಬ್ಯಾಡ ಅಣ್ಣಾ ಎಂದಳು. ಕೊಂಡಿಯನ್ನು ನಾನು ಟ್ರಂಕಿನಲ್ಲಿ ಇಟ್ಟೆ.

ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಮೇಸ್ತ್ರಿ ತನ್ನ ಅಕ್ಕನ ಮಗನನ್ನು ಖಾಯಂ ಮಾಡಿದ್ದ. ನನಗೆ ಮೋಸವಾಯಿತೆಂದು ಕಂಡವರೆದುರೆಲ್ಲ ಹೇಳಿಕೊಂಡು ತಿರುಗಿದೆ. ಸಾಬರೆದುರೂ ಹೇಳಿದೆ.

"ನಂಬಿಸಿ ಕುತ್ತಿಗೆ ಕೊಯ್ದ ಸಾಬ್ರೆ ಅವನು. ಇಂಥೋರಿಗೆ ರಾತ್ರಿ ನಿದ್ದಿ ಹೆಂಗ್ ಬರ್ತೈತೆ?"

ಸಾಬರು ತಿದಿ ಒತ್ತುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. "ನೀನೇ ಹೇಳಪಾ, ಹೆಂಗ್ ಬರ್ತೈತೆ" ಎಂದರು. ನಾನು ಅದನ್ನು ಸಮಾಧಾನದ ಮಾತೆಂದುಕೊಂಡೆ.

ಅಂದು ಹೆಂಡತಿ ತಂದ ಚಹಾ ಅವರು ಮುಟ್ಟಲಿಲ್ಲ. ರೋಜಾ ಐತೆ, ಉಪವಾಸ ಎಂದರು. ಅದು ರಂಜಾನ್ ತಿಂಗಳಲ್ಲ. ಆಮೇಲೆ ವರ್ಷಗಟ್ಟಲೆ ಬಂದರು, ನಮ್ಮ ಪಾತ್ರೆಗಳಿಗೆ ಮೊದಲಿನಷ್ಟೇ ಶ್ರದ್ಧೆಯಿಂದ ಕಲಾಯಿ ಹಾಕಿದರು, ನೀರು ಕೂಡ ಕುಡಿಯಲಿಲ್ಲ. ಯಾರಿಗೂ ಮೊಲ ಕೊಡುವುದನ್ನೂ ಬಿಟ್ಟರು. ಹೊರಡುವ ಮುಂಚೆ ಪ್ರತಿಸಲ ಒಂದು ಗಳಿಗೆ ನನ್ನೆದುರು ಸುಮ್ಮನೆ ನಿಲ್ಲುತ್ತಿದ್ದರು. ಏನೋ ಮರೆತವರಂತೆ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮನೆಮನೆಗೂ ಸ್ಟೀಲು ಬಂತು. ಸಾಬರು ಬರುವುದು ನಿಂತಿತು. ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದು ಹರಿಹರಕ್ಕೆ ಹೋದೆ. ಹಿತ್ತಲಿನ ಗೂಡುಗಳೆಲ್ಲ ಖಾಲಿ. ಅವರ ಹೆಂಡತಿ ನನ್ನನ್ನು ಕೂಡಿಸಿ ಔಷಧಿ ತರಲು ಹೋದರು. ಸಾಬರು ಕಣ್ಣು ತೆರೆದು ಕೇಳಿದರು:

"ತಮ್ಮಾ, ಆ ಕೊಂಡಿ ಸರಿಯಿತ್ತೇನು?"

"ಸರಿಯಿತ್ತು ಸಾಬ್ರೆ. ತೆಗೆದೋನು ನಾನು."

"ಗೊತ್ತು. ಮೇಸ್ತ್ರಿ ಹೆಂಡ್ತಿ ಒಂದು ಬೋಗುಣಿ ತಂದಿದ್ಲು. ಎಣ್ಣೆ ಕಾಸಿ ಕಾಸಿ ತವರ ಎಲ್ಲ ಕರಗಿತ್ತು. ಯಾವ ಎಣ್ಣೆ ಅಂದೆ. ಹೇಳಿದ್ಲು, ಹರಿದ ಕಿವಿದು ಅಂತನೂ ಹೇಳಿದ್ಲು." ಉಸಿರು ಎಳೆದುಕೊಂಡರು. "ಇವತ್ತು ಹೇಳ್ತೀಯ, ಈ ತಿಂಗಳು ಹೇಳ್ತೀಯ ಅಂತ ಬರ್ತಿದ್ದೆ."

"ತಪ್ಪಾತು ಸಾಬ್ರೆ."

"ನಿನ್ನ ಮನಿ ಪಾತ್ರೆ ಚೊಕ್ಕಟ ಇದ್ವು ತಮ್ಮಾ. ಈ ಬೆರಳಾಡ್ಸಿ ನೋಡಿದ್ದೆ. ಆಮ್ಯಾಲೆ ಯಾರ ಮನಿ ಪಾತ್ರೆ ನೋಡಿದ್ರೂ ನಂಬಿಕಿ ಬರಲಿಲ್ಲ. ಯಾರಿಗಂತ ಕೊಡ್ಲಿ?"

ತಲೆಯ ಬಳಿ ಇದ್ದ ಹೂಜಿಯಿಂದ ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ. ತೆಗೆದುಕೊಂಡರು. ಉಗುರಿಲ್ಲದ ಹೆಬ್ಬೆರಳು ಲೋಟದ ಬಾಯಿಯನ್ನು ಒಂದು ಸುತ್ತು ಸವರಿತು.

"ತಂಗಿಗೆ ಹೇಳಿದ್ಯಾ?"

"ಇಲ್ಲ."

ಲೋಟವನ್ನು ಕೆಳಗಿಟ್ಟರು. "ಹೇಳಿ ಬಾ. ಆಮ್ಯಾಲೆ ಕುಡೀತೀನಿ."

ಎಂಟನೆಯ ದಿನ ಅವರು ಹೋದ ಸುದ್ದಿ ಬಂತು. ನಾನು ಹೇಳಿರಲಿಲ್ಲ. ಖಬರಸ್ತಾನದಲ್ಲಿ ಎಲ್ಲರೂ ಮೂರು ಹಿಡಿ ಮಣ್ಣು ಹಾಕುವಾಗ ನಾನು ದೂರದಲ್ಲಿ ನಿಂತಿದ್ದೆ.

ಈಗ ನಮ್ಮಿಬ್ಬರಿಗೂ ವಯಸ್ಸಾಗಿದೆ. ಅಂಗಳಕ್ಕೆ ಬೆಕ್ಕು ಬಂದರೆ ನನ್ನ ಹೆಂಡತಿ ಇಂದಿಗೂ ಮೊಣಕಾಲು ಹಿಡಿದುಕೊಂಡು ಎದ್ದು, "ಕಳ್ಳ ಮುಂಡೇದೆ" ಎಂದು ಬೈದು ಅಟ್ಟುತ್ತಾಳೆ. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿರುತ್ತೇನೆ. ದಪ್ಪ ತಗಡಿನ ಆ ಕೊಂಡಿ ಈ ಹೊತ್ತು ಟ್ರಂಕಿನಿಂದ ಹೊರಗೆ ಬಂದು ನನ್ನ ಮುಂದೆ ಮೇಜಿನ ಮೇಲಿದೆ. ಇದನ್ನೆಲ್ಲ ಬರೆದು ಮುಗಿಸಿದೆ. ಅವಳಿಗೆ ಓದು ಬಾರದು. ನಾನೇ ಓದಿ ಹೇಳಬೇಕು.