ಔಷಧಿ ಡಬ್ಬಕ್ಕೆ ತೂತು

ಬೆಳೆಗೆ ಹೊಡೆಯುವ ವಿಷಕ್ಕೆ ಔಷಧಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನ ನಾಲಿಗೆ ಬಿದ್ದುಹೋಗಲಿ. ಯಳಂದೂರಿನ ಆಸುಪಾಸಿನ ಗದ್ದೆಗಳಿಗೆ ಎಂಡ್ರಿನ್ ಬಂದದ್ದು ಆ ಹೆಸರಿನಲ್ಲೇ. ಔಷಧಿ ಮುಗಿದ ಮೇಲೆ ಉಳಿಯುವ ತಗಡಿನ ಡಬ್ಬಕ್ಕಂತೂ ಔಷಧಿಗಿಂತ ಹೆಚ್ಚು ಬೇಡಿಕೆ. ತಿರುಪಿನ ಮುಚ್ಚಳ, ಸೋರದ ತಳ. ಅದರಲ್ಲಿ ಎಣ್ಣೆ ತುಂಬಿಡದ ಮನೆಯೇ ಊರಿನಲ್ಲಿರಲಿಲ್ಲ.

ಕೂಲಿಯ ಚಿಕ್ಕಬಸಮ್ಮನಿಗೂ ಅರವತ್ತಾರನೇ ಇಸವಿಯಲ್ಲಿ ಅಂಥದೊಂದು ಸಿಕ್ಕಿತು. ಗದ್ದೆಯ ಒಡೆಯ ವೃಷಭೇಂದ್ರಪ್ಪ ತಾನಾಗಿಯೇ ಕೊಟ್ಟಿದ್ದ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡುವವರುಂಟೇ? ಆದರೂ ಅವಳು ನೋಡಿದಳು. ಬೂದಿ, ಸೀಗೆಪುಡಿ, ಹುಣಸೆಹಣ್ಣು ಹಾಕಿ ಮೂರು ದಿನ ತಿಕ್ಕಿದಳು, ಬಿಸಿಲಿಗಿಟ್ಟಳು, ಮೂಗಿಗೆ ಹಿಡಿದಳು. ವಾಸನೆ ಇರಲಿಲ್ಲ. ಮಾರನೆಯ ದಿನ ಬದು ಕಡಿಯಲು ಹೊರಟ ಗಂಡ ಪುಟ್ಟಸಿದ್ದಯ್ಯನಿಗೆ ಅದರಲ್ಲೇ ಮಜ್ಜಿಗೆ ತುಂಬಿ ಕೊಟ್ಟಳು. ಮಧ್ಯಾಹ್ನ ಅವನು ಕೈಕಾಲು ಸೆಟೆದು ಬದುವಿನ ಮೇಲೆ ಬಿದ್ದಿದ್ದ. ಕೊಳ್ಳೇಗಾಲದ ಆಸ್ಪತ್ರೆ ಸೇರುವ ಮೊದಲೇ ಗಾಡಿಯಲ್ಲಿ ಪ್ರಾಣ ಹೋಯಿತು.

ಎಷ್ಟು ತೊಳೆದರೂ ವಿಷ ಬಿಡುವುದಿಲ್ಲ, ತೂತು ಹೊಡೆದು ನೀರಿನಿಂದ ದೂರ ಹೂಳಬೇಕು ಎಂದು ಆಸ್ಪತ್ರೆಯ ಕಾಂಪೌಂಡರ್ ಹೇಳಿದ. ಜೊತೆಗಿದ್ದ ಊರಿನವರೂ ಕೇಳಿಸಿಕೊಂಡರು. ಊರಿಗೆ ಬಂದು, "ಅವ್ಳು ಸರ್ಯಾಗಿ ತೊಳ್ದಿಲ್ಲ ಕಣ್ಲಾ" ಎಂದರು. ತಪ್ಪು ಡಬ್ಬದ್ದು ಎಂದರೆ ಮನೆಮನೆಯ ಎಣ್ಣೆ ಚೆಲ್ಲಬೇಕಿತ್ತಲ್ಲ! ಅವಳ ತಲೆಗೆ ಹೊರಿಸಿದರೆ ಯಾರಿಗೂ ನಷ್ಟವಿಲ್ಲ.

ಚಿಕ್ಕಬಸಮ್ಮ ಅತ್ತು ಕೂರಲಿಲ್ಲ. ನಾಲೆಯಲ್ಲಿ ಡಬ್ಬ ತೊಳೆಯುವವರನ್ನು ಬೈದು ಓಡಿಸಿದಳು. ದೂರದ ದಿಣ್ಣೆಯಲ್ಲಿ ಆಳವಾಗಿ ಗುಂಡಿ ತೋಡಿ, ಬದುಗಳಲ್ಲಿ ಬಿದ್ದ ಡಬ್ಬಗಳನ್ನು ಹೆಕ್ಕಿ ತಂದು, ಮಚ್ಚಿನಿಂದ ನಾಲ್ಕು ಏಟು ಹಾಕಿ ಹೂಳತೊಡಗಿದಳು.

"ಒಳ್ಳೊಳ್ಳೆ ಡಬ್ಬಾನೆಲ್ಲ ಕೆಡುಸ್ತೀಯಲ್ಲಮ್ಮಿ, ನಾಳಿಂದ ಗದ್ದೆ ತಾವ್ಕೆ ಬರ್ಬ್ಯಾಡ" ಎಂದ ವೃಷಭೇಂದ್ರಪ್ಪ.

"ಬರಕಿಲ್ಲ ಬುಡಿ ಬುದ್ಧಿ" ಎಂದು ಬೇರೆ ಕಡೆ ಕೂಲಿ ಹುಡುಕಿಕೊಂಡಳು. ಹೂಳುವುದು ನಿಲ್ಲಲಿಲ್ಲ. ಊರು ಹುಚ್ಚಿ ಎಂದಿತು. ಅದೂ ಅವಳಿಗೆ ನಾಟಲಿಲ್ಲ.

ನಾಟಿದ್ದು ಎಪ್ಪತ್ತೊಂದರಲ್ಲಿ. ಹನೂರಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಚಿಕ್ಕನಿಂಗಮ್ಮ ತವರಿಗೆ ಬಂದು ನಾಲ್ಕು ದಿನ ಇದ್ದಳು. ಹೊರಡುವಾಗ ಅವಳ ಚೀಲದಲ್ಲಿ ಒಂದು ಡಬ್ಬ ಕಾಣಿಸಿತು, ಪಕ್ಕದ ಮನೆಯ ದೊಡ್ಡಬಸಮ್ಮನಿಂದ ಕೇಳಿ ಪಡೆದದ್ದು.

"ಏನವ್ವ ಇದು?"

"ಎಣ್ಣೆ ಉಯ್ಕಳಕ್ಕೆ. ನಾನು ಚೆಂದಾಗಿ ತೊಳ್ದಿವ್ನಿ ಕಣವ್ವ, ನಿನ್ನಂಗಲ್ಲ."

ಐದು ವರ್ಷದಿಂದ ಹೆತ್ತ ಮಗಳೂ ಊರಿನವರಂತೆಯೇ ತಿಳಿದಿದ್ದಳೇ! ಚಿಕ್ಕಬಸಮ್ಮ ಮಚ್ಚು ತಂದು ಮಗಳ ಕಣ್ಣೆದುರೇ ಡಬ್ಬವನ್ನು ಕೊಚ್ಚಿಹಾಕಿದಳು. ಇನ್ನು ನಿನ್ನ ಹೊಸಿಲು ತುಳಿಯುವುದಿಲ್ಲ ಎಂದು ಮಗಳು ಅಳುತ್ತಾ ಬಸ್ಸು ಹತ್ತಿದಳು. ಹೇಳಿದಂತೆಯೇ ಬರಲೂ ಇಲ್ಲ.

"ಒಂದು ಡಬ್ಬುಕ್ಕೆ ಮಗುಳ್ನೇ ಕಳ್ಕಂಡ್ಯಲ್ಲವ್ವ" ಎಂದಳು ದೊಡ್ಡಬಸಮ್ಮ.

"ಬರ್ದಿದ್ರೆ ಬ್ಯಾಡ ಬುಡು. ಬದ್ಕಿರ್ಲಿ" ಎಂದಳು ಚಿಕ್ಕಬಸಮ್ಮ. ಹನೂರಿನಲ್ಲೂ ಆ ಡಬ್ಬಗಳಿಗೆ ಬರವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.