ಹೊಸ್ತು ಆಗದ ಕಂಪ್ಯೂಟರ್

ತಿಮ್ಮಿಯ ಸೆರಗಿನ ತುದಿಗೆ ಯಾವಾಗಲೂ ಒಂದು ಬೀಗದ ಕೈ ಕಟ್ಟಿರುತ್ತಿತ್ತು. ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಹೊಳೆಗೆ ಇಳಿಯುವಾಗಲೂ ಅವಳು ಅದನ್ನು ಬಿಚ್ಚಿಡುತ್ತಿರಲಿಲ್ಲ. ಉಪ್ಪುನೀರಿಗೆ ತುಕ್ಕು ಹಿಡಿದೀತು ಎಂದು ಒಮ್ಮೆ ಹೇಳಿದ್ದೆ. “ಮನೇಲಿಟ್ರೆ ಮಕ್ಕಳ ಕೈಗೆ ಸಿಕ್ತದೆ ಮಾಸ್ತರೇ,” ಎಂದಳು. ಅದು ಅವಳ ಮನೆಯ ಬೀಗದ್ದಲ್ಲ, ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯದು.

ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಒಂದು ಕೇರಿಯ ಶಾಲೆಯಲ್ಲಿ ನಾನು ಒಂಬತ್ತು ವರ್ಷ ಮಾಸ್ತರನಾಗಿದ್ದೆ. ಏಳು ತರಗತಿಗೆ ಇಬ್ಬರು ಮಾಸ್ತರರು, ಸೋರುವ ಎರಡು ಕೋಣೆ. ಶಾಲೆಗೊಂದು ಸಮಿತಿ ಆಗಬೇಕು, ಅದರಲ್ಲಿ ಹೆಂಗಸರೂ ಇರಬೇಕು ಎಂದು ಆದೇಶ ಬಂದಾಗ ತಿಮ್ಮಿಯನ್ನು ಸೇರಿಸಿಕೊಂಡೆವು. ಗಂಡ ತೀರಿಕೊಂಡ ಹೆಂಗಸು, ಓದು ಬಾರದು, ಎದುರು ಮಾತಾಡಲಿಕ್ಕಿಲ್ಲ ಎಂಬ ಧೈರ್ಯ ನಮ್ಮದು. ಮೊದಲ ಸಭೆಯಲ್ಲೇ ಆ ಧೈರ್ಯ ಹೋಯಿತು.

“ಕುಮಟೆ ಪೇಟೆ ಶಾಲೆಗೆ ಹನ್ನೊಂದು ಕಂಪ್ಯೂಟರ್ ಬಂತಂತೆ. ನಮ್ಮ ಮಕ್ಕಳಿಗೆ ಎಂತಕ್ಕೆ ಒಂದೂ ಇಲ್ಲ?” ಎಂದು ಕೇಳಿದಳು.

ನಾನು ನಿಯಮ ಓದಿ ಹೇಳಿದೆ. ಗಟ್ಟಿ ಗೋಡೆಯ ಕೋಣೆ, ಕಬ್ಬಿಣದ ಕಿಟಕಿ, ಕರೆಂಟು ಇಷ್ಟನ್ನು ಊರವರೇ ಮಾಡಿಕೊಟ್ಟ ಶಾಲೆಗೆ ಮಾತ್ರ ಕಂಪ್ಯೂಟರ್. ಪೇಟೆಯ ಶಾಲೆಯಲ್ಲಿ ಇದೆಲ್ಲ ಮೊದಲೇ ಇತ್ತು. ಬೇಕಾದದ್ದು ಮಾಡಿಸಿಕೊಡುವ ಅಂಗಡಿಕಾರ ಪಾಲಕರೂ ಇದ್ದರು. ಹೊಟ್ಟೆ ತುಂಬಿದವನನ್ನೇ ಮತ್ತೆ ಊಟಕ್ಕೆ ಎಬ್ಬಿಸುವ ಇಂಥ ನಿಯಮ ಬರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತಿಮ್ಮಿ ಸಿಟ್ಟು ಮಾಡಿಕೊಳ್ಳಲಿಲ್ಲ, ಮನೆ ಮನೆಗೆ ಹೋದಳು. ಅಮಾಸೆಗೊಮ್ಮೆ, ಒಂದು ಇಳಿತದಲ್ಲಿ ಹೆಕ್ಕಿದ ಬಳಚು ಮಾರಿದ ಹಣ ಶಾಲೆಗೆ ಎಂದು ಎಲ್ಲರನ್ನೂ ಒಪ್ಪಿಸಿದಳು. ನೀರು ಇಳಿದಾಗ ಹೆಂಗಸರೆಲ್ಲ ಕೆಸರಿನಲ್ಲಿ ಸೊಂಟ ಬಗ್ಗಿಸಿ ನಿಲ್ಲುತ್ತಿದ್ದರು. ಚಿಪ್ಪು ಕೊಯ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಹೆಕ್ಕುತ್ತಿದ್ದರು. ಹೀಗೆ ಎರಡು ವರ್ಷ. ಚಿರೆಕಲ್ಲಿನ ಕೋಣೆ ಎದ್ದಿತು, ಕರೆಂಟಿನ ತಂತಿ ಬಂತು, 2004ರ ಆಗಸ್ಟಿನಲ್ಲಿ ಕಂಪ್ಯೂಟರೂ ಬಂತು. ಒಂದೇ ಒಂದು. ಅದನ್ನು ಕಳಿಸಿದ ಕಚೇರಿಯ ಸಾಹೇಬರು, “ಉದ್ಘಾಟನೆಗೆ ನಾನೇ ಬರುತ್ತೇನೆ,” ಎಂದು ಹೇಳಿ ಕಳಿಸಿದ್ದರು.

ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಅವರು ಹೇಳಿರಲಿಲ್ಲ. ಆದರೆ ನಮ್ಮ ಕೇರಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತದ ಬೆಳೆ ಬಂದಾಗ ಹೊಸ ಅಕ್ಕಿಯ ಅನ್ನವನ್ನು ಮೊದಲು ದೇವರಿಗೆ ಇಟ್ಟು ಹೊಸ್ತು ಮಾಡಬೇಕು. ಅದಾಗುವ ತನಕ ಹಟ ಮಾಡುವ ಮಗುವಿಗೂ ಒಂದಗುಳು ಕೊಡುವುದಿಲ್ಲ. ಹೊಸ ಕಂಪ್ಯೂಟರಿಗೂ ಅದೇ ರೀತಿ ಎಂದು ತಿಮ್ಮಿ ತಿಳಿದಳು. ಬೀಗ ಹಾಕಿ ಅದರ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ಅವಳ ಮಗಳು ರಂಜಿತಾ ಆಗ ಏಳನೇ ತರಗತಿ. ಆ ಶಾಲೆಯಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಆಟದ ಬಿಡುವಿನಲ್ಲಿ ಕಿಟಕಿಯ ಸರಳಿಗೆ ಮುಖ ಒತ್ತಿ ನಿಲ್ಲುತ್ತಿದ್ದಳು. ಒಂದು ಸಂಜೆ ನನ್ನೆದುರೇ ತಾಯಿಯನ್ನು ಕೇಳಿದಳು.

“ಅವ್ವಿ, ಒಂದೇ ಸಲ ಹಚ್ಚಿ ನೋಡ್ತೆ.”

“ಹೊಸ್ತಾಗ್ದೆ ಹೊಸ ಅಕ್ಕಿ ಬಾಯಿಗೆ ಹಾಕೂಕೆ ಆತದ್ಯೇ? ಸಾಯ್ಬರು ಬರ್ಲಿ. ನಿಂಗೆ ಮೊದ್ಲು ಕೊಟ್ರೆ ಕೇರಿಯವ್ರು ಎಂತ ಹೇಳ್ತರು?”

ರಂಜಿತಾ ನನ್ನ ಮುಖ ನೋಡಿದಳು. ಮಾಸ್ತರು ಒಂದು ಮಾತು ಹೇಳಿದರೆ ಅವ್ವಿ ಕೇಳುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ನನ್ನ ಹುಳುಕು ಬೇರೆ ಇತ್ತು. ಕುಮಟೆಯಲ್ಲಿ ಮೂರು ದಿನ ನಡೆದ ತರಬೇತಿಯಲ್ಲಿ ಒಂದು ಯಂತ್ರಕ್ಕೆ ಐದು ಜನ, ನಾನು ಎಲ್ಲರ ಹಿಂದೆ. ಮೌಸನ್ನು ಮುಟ್ಟಿದ್ದು ಒಮ್ಮೆ. ಕೋಣೆ ತೆರೆದರೆ ಮಕ್ಕಳು ಕೇಳುತ್ತಾರೆ, ನನಗೇನೂ ಬಾರದು ಎಂದು ಊರಿಗೆಲ್ಲ ತಿಳಿಯುತ್ತದೆ. ಹಾಗಾಗಿ, “ಅವ್ವಿ ಹೇಳಿದ್ದು ಸರಿ, ಕಾಯು,” ಎಂದುಬಿಟ್ಟೆ. ನನ್ನ ಬಾಯಿಂದ ಬಂದ ಅತಿ ಕೆಟ್ಟ ಮಾತು ಅದೇ.

ನವೆಂಬರಿನಲ್ಲಿ ಹೊಸ್ತು ಬಂತು. ಬಾಗಿಲಿಗೆ, ದೋಣಿಗೆ, ಅಕ್ಕಿ ಮುಡಿಗೆ ಎಲ್ಲರೂ ಹೊಸ ಕದಿರು ಕಟ್ಟಿದರು. ತಿಮ್ಮಿ ಕೋಣೆ ತೆರೆದು ಕಂಪ್ಯೂಟರಿಗೂ ಒಂದು ಕದಿರು ಕಟ್ಟಿದಳು. ಮಕ್ಕಳು ಸಾಲಾಗಿ ಬಂದು ಹೂವಿಟ್ಟು ಕೈ ಮುಗಿದರು. ರಂಜಿತಾಳೂ ಮುಗಿದಳು. ಸಾಹೇಬರ ಕೈಯಿಂದ ಉದ್ಘಾಟನೆ ಆಗಿಲ್ಲವಲ್ಲ, ಮತ್ತೆ ಬೀಗ ಬಿತ್ತು.

ಸಾಹೇಬರು ಡಿಸೆಂಬರಿಗೆ ಬರುವವರಿದ್ದರು. ಅಂದು ಪೇಟೆಯ ಶಾಲೆಯಲ್ಲಿ ಏನೋ ಸಮಾರಂಭ. ಫೆಬ್ರವರಿ ಎಂದರು, ಆಗ ಇನ್ನೇನೋ ಮೀಟಿಂಗು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮ ಪಾಡು ಹಾಗೆ. ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು, ರಂಜಿತಾ ಕುಮಟೆಯ ಹೈಸ್ಕೂಲಿಗೆ ಹೋದಳು.

ಸಾಹೇಬರು ಬಂದದ್ದು ಜುಲೈಯ ಮಳೆಯಲ್ಲಿ. ತಿಮ್ಮಿ ಆರತಿ ಎತ್ತಿದಳು. ಅವರು ರಿಬ್ಬನ್ ಕತ್ತರಿಸಿ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಜೊತೆಗೆ ಬಂದ ಮೆಕ್ಯಾನಿಕ್ ಹಿಂದಿನ ತಗಡು ಬಿಚ್ಚಿದ. ಒಳಗೆಲ್ಲ ಹಸಿರು, ಕೆಂಪು ತುಕ್ಕು.

“ಉಪ್ಪುಗಾಳಿ ಸಾರ್. ದಿನಾ ಹಚ್ಚಿದ್ರೆ ಆ ಬಿಸಿಗೆ ಉಳೀತಿತ್ತು. ಸುಮ್ಮನೆ ಇಟ್ಟು ಹಾಳು ಮಾಡಿದ್ದಾರೆ,” ಎಂದ.

“ಒಂದು ವರ್ಷ ಹಚ್ಚಲೇ ಇಲ್ವಾ? ಯಾಕೆ?” ಎಂದರು ಸಾಹೇಬರು.

“ನೀವು ಬರ್ತೆ ಅಂದಿದ್ರಿ. ಅದ್ಕೇ ಕಾದದ್ದು,” ಎಂದಳು ತಿಮ್ಮಿ.

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಈ ಶಾಲೆ ಕಂಪ್ಯೂಟರ್ ಬಳಸಲು ಸಮರ್ಥವಲ್ಲ ಎಂದು ಅಲ್ಲೇ ಬರೆದು ನನ್ನ ಸಹಿ ಹಾಕಿಸಿಕೊಂಡರು. ಒಣಗಿದ ಕದಿರಿನ ಸಮೇತ ಅದನ್ನು ಜೀಪಿಗೆ ಏರಿಸಿದರು. ಮುಂದಿನ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರಿರಲಿಲ್ಲ. ಪೇಟೆಯ ಶಾಲೆಗೆ ಇನ್ನೂ ಆರು ಎಂದಿತ್ತು.

ತಿಮ್ಮಿ ಅದನ್ನೂ ತಡೆದುಕೊಂಡಳೇನೋ. ಅವಳನ್ನು ಮುರಿದದ್ದು ರಂಜಿತಾ ಹೈಸ್ಕೂಲಿನಿಂದ ತಂದ ಮಾತು. ಕಂಪ್ಯೂಟರ್ ಕ್ಲಾಸಿನಲ್ಲಿ, ಯಾರ ಹಿಂದಿನ ಶಾಲೆಯಲ್ಲಿ ಕಂಪ್ಯೂಟರ್ ಇತ್ತು ಎಂದು ಕೇಳಿದರಂತೆ. ಪೇಟೆಯ ಮಕ್ಕಳ ಜೊತೆ ಇವಳೂ ಕೈ ಎತ್ತಿದಳು. ಅದರಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ಹುಡುಗಿ, “ಹೂವಿಟ್ಟು ಕೈ ಮುಗಿದಿದ್ದೆ,” ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ಆ ಕ್ಲಾಸಿನಲ್ಲಿ ಅವಳು ಹಿಂದಿನ ಬೆಂಚು ಬಿಟ್ಟು ಏಳಲಿಲ್ಲ.

ಆ ವರ್ಷದ ಹೊಸ್ತಿನ ಊಟಕ್ಕೆ ತಿಮ್ಮಿ ನನ್ನನ್ನೂ ಕರೆದಿದ್ದಳು. ಅವಳ ಸೆರಗಿನ ತುದಿಯಲ್ಲಿ ಆಗಲೂ ಬೀಗದ ಕೈ ಇತ್ತು. ತುಕ್ಕಿನ ಕಲೆ ಸೀರೆಗೆ ಹತ್ತಿತ್ತು. ದೇವರ ಮುಂದೆ ಒಂದು ಎಲೆ, ಈಚೆ ರಂಜಿತಾಳದ್ದು, ನನ್ನದು. ತಿಮ್ಮಿ ಕಗ್ಗದ ಅನ್ನದ ಪಾತ್ರೆ ತಂದಳು. ದೇವರ ಎಲೆ ಖಾಲಿ ಬಿಟ್ಟು ಮೊದಲ ಅನ್ನವನ್ನು ಮಗಳ ಎಲೆಗೆ ಬಡಿಸಿದಳು.

“ಉಣ್ಣು ಮಗಾ.”

ರಂಜಿತಾ ಅನ್ನ ನೋಡುತ್ತ ಕೂತಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ದೇವ್ರಿಗೆ ಇಡು ಅವ್ವಿ. ನಾ ಕಾಯ್ತೆ.”

ತಿಮ್ಮಿ ಪಾತ್ರೆ ಹಿಡಿದುಕೊಂಡೇ ಒಲೆಯ ಹತ್ತಿರ ಕುಸಿದು ಕೂತಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಕಂಪ್ಯೂಟರ್ ಬಾರದ್ದಕ್ಕೇ ‘ಕಾಯು’ ಎಂದದ್ದು ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ರಂಜಿತಾಳೇ ಎದ್ದು ದೇವರ ಎಲೆಗೆ ಇಟ್ಟಳು, ಆಮೇಲೆ ನನ್ನ ಎಲೆಗೂ ಬಡಿಸಿದಳು. ಉಣ್ಣದೆ ಏಳುವ ಧೈರ್ಯವೂ ನನಗಿರಲಿಲ್ಲ. ಉಂಡು ಬಂದೆ.