ಕಿವಿ ಮೇಸ್ತ್ರಿಯ ಒಂದು ಮೊಳ ಪೈಪು

ಬೆಳಗಿನ ಆರು ಗಂಟೆ. ಶೆಡ್ಡಿನ ಶಟರ್ ಅರ್ಧಕ್ಕೇ ಎದ್ದಿದೆ. ಪೂರ್ತಿ ಎತ್ತಿದರೆ ಅದರ ಕಿರುಚಾಟಕ್ಕೆ ಅಕ್ಕಪಕ್ಕದವರು ಎದ್ದು ಬೈಯುತ್ತಾರೆಂದು ಹೆಂಡತಿಯ ತಾಕೀತು. ಒಳಗೆ ಹಸಿರು ಬಣ್ಣದ ಪುಟ್ಟ ಬ್ರಿಟಿಷ್ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಅದಕ್ಕೆ ವಯಸ್ಸು ಅರವತ್ತರ ಹತ್ತಿರ, ಅದರ ಒಡೆಯರಿಗಿಂತ ಹಿರಿದು. ಸ್ಟಿಯರಿಂಗ್ ಮುಂದೆ ಮೇಸ್ತ್ರಿಯ ಹೆಂಡತಿ ಚಪ್ಪಲಿ ಬಿಚ್ಚಿಟ್ಟು, ಬರಿಗಾಲನ್ನು ಆಕ್ಸಿಲರೇಟರ್ ಮೇಲಿಟ್ಟು ಕೂತಿದ್ದಾರೆ.

ಮೇಸ್ತ್ರಿ ಜೇಬಿನಿಂದ ಒಂದು ಮೊಳ ಉದ್ದದ ಕಪ್ಪು ರಬ್ಬರ್ ಪೈಪು ತೆಗೆಯುತ್ತಾರೆ. ಒಂದು ತುದಿ ಬಲಗಿವಿಗೆ, ಇನ್ನೊಂದು ತುದಿ ಎಡಗಡೆಯ ಕಾರ್ಬುರೇಟರಿನ ಬಾಯಿಗೆ. ಗಾಳಿ, ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವ ಈ ಕಾರ್ಬುರೇಟರ್ ಇದರಲ್ಲಿ ಎರಡು. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಎಳೆಯುವಾಗ ಪೈಪಿನಲ್ಲಿ 'ಸ್ಸ್' ಅಂತ ಒಂದು ಸಣ್ಣ ಸದ್ದು ಹುಟ್ಟುತ್ತದೆ. ಎಡದ್ದೂ ಬಲದ್ದೂ ಒಂದೇ ಸದ್ದಾಗುವ ತನಕ ಸ್ಕ್ರೂ ತಿರುಗಿಸಬೇಕು, ಆಮೇಲೆ ಅದಕ್ಕೆ ತಕ್ಕಂತೆ ಪೆಟ್ರೋಲ್ ಬಿಡುವ ನಟ್ಟು ಹೊಂದಿಸಬೇಕು. ವಿದ್ಯೆ ಇಷ್ಟೇ. ಇಷ್ಟಕ್ಕೇ ಜನ ನಲವತ್ತೊಂದು ವರ್ಷದಿಂದ ಈ ಗಲ್ಲಿ ಹುಡುಕಿಕೊಂಡು ಬರುತ್ತಿದ್ದಾರೆ.

"ಕೊಡು" ಎನ್ನುತ್ತಾರೆ ಮೇಸ್ತ್ರಿ. ಹೆಂಡತಿ ಮೆಲ್ಲಗೆ ಒತ್ತುತ್ತಾರೆ. ಎಂಜಿನ್ ಹದವಾಗಿ ಗುನುಗುತ್ತದೆ. ಮೇಸ್ತ್ರಿ ಕಣ್ಣು ಮುಚ್ಚುತ್ತಾರೆ. ಒಂದು ನಿಮಿಷ, ಎರಡು ನಿಮಿಷ. ಸ್ಕ್ರೂಡ್ರೈವರ್ ಹಿಡಿದ ಕೈ ಹಿಡಿದಲ್ಲೇ ಇದೆ. ಪೈಪು ಬಲಗಡೆಯ ಬಾಯಿಗೆ ಹೋಗುತ್ತದೆ, ಮತ್ತೆ ಎಡಕ್ಕೆ ಬರುತ್ತದೆ. ಕೊನೆಗೆ ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಸಾಕು, ಆಫ್ ಮಾಡು ಎನ್ನುತ್ತಾರೆ. ಸ್ಕ್ರೂ ಒಂದು ಕೂದಲೆಳೆಯಷ್ಟೂ ತಿರುಗಿಲ್ಲ. ನಾಲ್ಕು ದಿನದಿಂದ ಹೀಗೇ ನಡೆದಿದೆ.

ಇವರನ್ನು ಎಲ್ಲರೂ ಕರೆಯುವುದು ಕಿವಿ ಮೇಸ್ತ್ರಿ ಎಂದೇ. ವಿದ್ಯೆ ಕಲಿಸಿದ್ದು ಸೋದರಮಾವ. ಆ ಮಾವ ಸಾಯುವಾಗ ಬಿಟ್ಟುಹೋದ ಆಸ್ತಿ ಎಂದರೆ ಈ ಪೈಪು ಮತ್ತು ಇಂಚಿನ ಅಳತೆಯ ಇಪ್ಪತ್ತೆರಡು ಸ್ಪ್ಯಾನರ್. ಈಗ ಅಂಗಡಿಯಲ್ಲಿ ಸಿಗುವ ಸ್ಪ್ಯಾನರುಗಳದ್ದು ಮಿಲಿಮೀಟರಿನ ಲೆಕ್ಕ, ಈ ಹಳೇ ಕಾರುಗಳ ನಟ್ಟುಗಳಿಗೆ ಅವು ಕೂರುವುದಿಲ್ಲ. ಬಲವಂತ ಮಾಡಿದರೆ ಮೂಲೆ ಸವೆದು ನಟ್ಟು ಉಂಡೆಯಾಗುತ್ತದೆ. ಬೇರೆ ಗ್ಯಾರೇಜಿನಲ್ಲಿ ಹಾಗೆ ಉಂಡೆಯಾದ ನಟ್ಟುಗಳ ಒಂದು ಡಬ್ಬವೇ ಇಲ್ಲಿದೆ. ತಿಂಗಳಿಗೆ ಆರೋ ಏಳೋ ಕಾರು ಬರುತ್ತವೆ, ಒಂದೊಂದಕ್ಕೆ ಮೂರು ದಿನ ಬೇಕು. ಬಾನೆಟ್ಟಿನ ಮೇಲೆ ಬಗ್ಗಿ ಬಗ್ಗಿ ಮೇಸ್ತ್ರಿಯ ಸೊಂಟ ಕೈಕೊಟ್ಟು ಹತ್ತು ವರ್ಷವಾಯಿತು. "ಈ ಕಾರುಗಳಿಗೆ ನನಗಿಂತ ಮುನಿಸು ಜಾಸ್ತಿ" ಎಂದು ನಗುತ್ತಾರೆ ಹೆಂಡತಿ. "ಆದ್ರೆ ನನ್ನ ಸಮಾಧಾನ ಮಾಡೋಕೆ ಇವರು ಒಂದು ದಿನವೂ ಇಷ್ಟು ಹೊತ್ತು ಬಗ್ಗಿಲ್ಲ."

ಆ ನಗು ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಕಿವಿ ಮೇಸ್ತ್ರಿಗೆ ಕಿವಿ ಕೇಳುತ್ತಿಲ್ಲ. ಮಾತು ಕೇಳುತ್ತದೆ, ಲಾರಿಯ ಹಾರನ್ ಕೇಳುತ್ತದೆ. ಸಣ್ಣ ಸದ್ದು, ಸೂಜಿಮೊನೆಯಂಥ ಸದ್ದು ಮಾತ್ರ ಕೇಳುವುದಿಲ್ಲ. ಅವರ ಹೊಟ್ಟೆಪಾಡು ನಿಂತಿರುವುದೇ ಆ ಸದ್ದಿನ ಮೇಲೆ. ಮೊದಲು ಹೋದದ್ದು ಎಡಗಿವಿ. ಬಲಗಿವಿಯಿದೆಯಲ್ಲ ಎಂದು ಸುಮ್ಮನಿದ್ದರು. ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ, ಶೆಡ್ಡಿನ ತಗಡಿನ ಮೇಲೆ ಗುಬ್ಬಿಗಳು ಬರುವುದನ್ನೇ ಬಿಟ್ಟವಲ್ಲ ಎಂದು ಹೆಂಡತಿಯ ಹತ್ತಿರ ಪೇಚಾಡಿದರಂತೆ. ತಮಾಷೆ ಮಾಡುತ್ತಿದ್ದಾರೆಂದು ಆಕೆ ನಕ್ಕುಬಿಟ್ಟರು. ಆ ಹೊತ್ತಿನಲ್ಲಿ ತಗಡಿನ ಮೇಲೆ ಹತ್ತಾರು ಗುಬ್ಬಿಗಳು ಒಂದೇ ಸಮನೆ ಕೂಗುತ್ತಿದ್ದವು.

"ಆವತ್ತೇ ನನಗೆ ಅರ್ಥ ಆಯ್ತು" ಎನ್ನುತ್ತಾರೆ ಮೇಸ್ತ್ರಿ. "ಕಿವಿ ಮೇಸ್ತ್ರಿಗೇ ಕಿವಿ ಇಲ್ಲ ಅಂತ ಯಾರ ಮುಂದೆ ಹೇಳ್ಲಿ? ಕೈಗೆ ಅಭ್ಯಾಸ ಇದೆಯಲ್ಲ, ಇಷ್ಟು ತಿರುಗಿಸಿದ್ರೆ ಸರಿ ಇರುತ್ತೆ ಅಂತ ಅಂದಾಜಲ್ಲೇ ಮಾಡ್ತಾ ಹೋದೆ. ಪೈಪು ಮಾತ್ರ ಕಿವಿಗೆ ಇಟ್ಕೊಳ್ತಿದ್ದೆ. ನೋಡೋರಿಗೆ."

ಅಂದಾಜು ಒಂದಷ್ಟು ದಿನ ನಡೆಯಿತು. ಮೇಸ್ತ್ರಿಯದೇ ಒಂದು ಕೆಂಪು ಕಾರಿತ್ತು. ಗುಜರಿಯಿಂದ ಬರೀ ತಗಡಿನ ಗೂಡನ್ನು ತಂದು, ನಾಲ್ಕು ವರ್ಷ ಕೂತು ಜೋಡಿಸಿದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹೆಂಡತಿ ಆಡಿಕೊಂಡದ್ದೂ ಆ ಕಾರನ್ನೇ, ಅದನ್ನು ರೇಸಿನಲ್ಲಿ ಓಡಿಸಲು ಸ್ವಂತ ತಮ್ಮನನ್ನು ಕರೆತಂದದ್ದೂ ಆಕೆಯೇ. ತಮ್ಮ ಓಡಿಸುವುದರಲ್ಲಿ ಎತ್ತಿದ ಕೈ. ಭಾವ ರೆಡಿ ಮಾಡಿದ ಕಾರು ಎಂದರೆ ಕಣ್ಣುಮುಚ್ಚಿ ಹತ್ತುವವನು. ಶೆಡ್ಡಿನ ಗೂಡಿನಲ್ಲಿ ಅವನು ಗೆದ್ದು ತಂದ ಹನ್ನೊಂದು ಕಪ್‌ಗಳಿವೆ. ಮೂರರಲ್ಲಿ ಈಗ ಮೊಳೆ ತುಂಬಿಟ್ಟಿದ್ದಾರೆ.

ಹೋದ ವರ್ಷದ ರೇಸಿಗೆ ಹೊರಡುವ ಮುಂಚಿನ ಬೆಳಿಗ್ಗೆಯೂ ಗಂಡಹೆಂಡತಿ ಹೀಗೇ ಕೂತಿದ್ದರು, ಒಬ್ಬರು ಒಳಗೆ, ಒಬ್ಬರು ಹೊರಗೆ. ಮೇಸ್ತ್ರಿ ಪೈಪು ಇಟ್ಟರು, ಕಣ್ಣು ಮುಚ್ಚಿದರು, ಅಂದಾಜಿಗೆ ತಿರುಗಿಸಿದರು, ಆಯಿತು ಎಂದರು. ಒಂದು ಬದಿಗೆ ಪೆಟ್ರೋಲ್ ಕಡಿಮೆ ಬಿದ್ದು, ಐದನೇ ಸುತ್ತಿನಲ್ಲಿ ಆ ಬದಿಯ ಪಿಸ್ಟನ್ ಕಾದು ಕಾದು ತೂತಾಯಿತು. ತಿರುವಿಗೆ ಸರಿಯಾಗಿ ಎಂಜಿನ್ ಕಚ್ಚಿಕೊಂಡಿತು, ಅದು ತಿರುಗಿಸುವ ಮುಂದಿನ ಚಕ್ರಗಳೂ ಕಚ್ಚಿಕೊಂಡವು. ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗಲಿಲ್ಲ. ನೇರ ಹೋಗಿ ಗೋಡೆಗೆ ಬಡಿದು ಮಗುಚಿತು. ತಮ್ಮನ ಬಲಮಂಡಿ ಪುಡಿಯಾಯಿತು. ಸ್ಟ್ರೆಚರ್ ಮೇಲೆ ಎತ್ತುವಾಗ ಅವನು ಕೇಳಿದ್ದು ಒಂದೇ ಮಾತು: "ಭಾವ, ಎಂಜಿನ್ ಯಾಕೆ ಹಾಗೆ ಮಾಡ್ತು?"

ಪೆಟ್ರೋಲಿನಲ್ಲಿ ಕಸ ಇತ್ತು ಎಂದರು ಭಾವ. ಅವನು ನಂಬಿದ. ಇವತ್ತಿಗೂ ನಂಬಿದ್ದಾನೆ. ಮೇಸ್ತ್ರಿಯ ಮನೆಯ ಮುಂದಿನ ಕೋಣೆಯಲ್ಲೇ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತು, ಕಂಡಕಂಡವರಿಗೆಲ್ಲ ಪೆಟ್ರೋಲ್ ಸೋಸಿ ಹಾಕಿಸಿ ಎಂದು ಬುದ್ಧಿ ಹೇಳುತ್ತಾನೆ. ಮೇಸ್ತ್ರಿ ಆ ಕೋಣೆಗೆ ಹೋಗುವುದನ್ನು ಕಡಿಮೆ ಮಾಡಿದ್ದಾರೆ.

ಹೆಂಡತಿಯ ಸಂಕಟ ಇನ್ನೂ ಆಳದ್ದು. ಇಪ್ಪತ್ತೆಂಟು ವರ್ಷ ಪೆಡಲ್ ಒತ್ತಿದ ಕಾಲು ಅವರದು. ಎರಡೂ ಕಡೆ ಸಮ ಬಂದರೆ ಪೆಡಲ್ ಸುಮ್ಮನಿರುತ್ತದೆ, ಸಮ ಇಲ್ಲದಿದ್ದರೆ ಅಂಗಾಲಿಗೆ ಸಣ್ಣಗೆ ನಡುಕ ಹತ್ತುತ್ತದೆ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಆ ಬೆಳಿಗ್ಗೆ ಮೇಸ್ತ್ರಿ ಆಯಿತು ಎಂದಾಗಲೂ ಪೆಡಲ್ ನಡುಗುತ್ತಲೇ ಇತ್ತು.

"ಗೊತ್ತಾಗಿತ್ತು, ಹೇಳ್ಲಿಲ್ಲ" ಎನ್ನುತ್ತಾರೆ ಆಕೆ. "ಇವರ ಕಿವಿ ಮೇಲಿದ್ದ ನಂಬಿಕೆ ನನ್ನ ಕಾಲಿನ ಮೇಲಿರ್ಲಿಲ್ಲ. ಕಿವಿ ಮೇಸ್ತ್ರಿಗೆ ನಾನೇನು ಹೇಳೋದು ಅಂತ ಬಾಯಿ ಮುಚ್ಕೊಂಡು ಕೂತೆ. ಮೌನ ಬಂಗಾರ ಅಂತಾರೆ. ನನ್ನ ಮೌನ ನನ್ನ ತಮ್ಮನ ಕಾಲು ತಿಂತು."

ಹಾಗಾದರೆ ಇನ್ನು ಮುಂದೆ ಆ ಕಾಲನ್ನೇ ನಂಬಿ ಕೆಲಸ ಮಾಡಬಹುದಲ್ಲ? ಅದನ್ನೂ ಮಾಡಿ ನೋಡಿದ್ದಾರೆ. ಈಗ ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಆಕೆಯ ಕಾಲೇ ನಡುಗಲು ಶುರುವಾಗುತ್ತದೆ. ಯಾವುದು ಕಾರಿನ ನಡುಕ, ಯಾವುದು ತನ್ನದು ಎಂದು ತಿಳಿಯುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಚಪ್ಪಲಿ ಬಿಚ್ಚಿಟ್ಟು ಕೂರುತ್ತಾರೆ. ಆಕೆಗೆ ಆಗುತ್ತಿಲ್ಲವೆಂದು ಮೇಸ್ತ್ರಿಗೆ ಗೊತ್ತು, ಮೇಸ್ತ್ರಿಗೆ ಕೇಳುತ್ತಿಲ್ಲವೆಂದು ಆಕೆಗೆ ಗೊತ್ತು.

ಹತ್ತು ಗಂಟೆಗೆ ಹಸಿರು ಕಾರಿನ ಒಡೆಯರು ಬರುತ್ತಾರೆ. ಹಲ್ಲಿನ ಡಾಕ್ಟರು, ಮುಂದಿನ ತಿಂಗಳ ರೇಸಿನಲ್ಲಿ ಇದನ್ನು ತಾವೇ ಓಡಿಸುವವರು. ಗಾಳಿಯ ಎಳೆತ ಅಳೆಯುವ ಮೀಟರೊಂದನ್ನು ಹಿಂದೊಮ್ಮೆ ಅವರೇ ಪ್ರೀತಿಯಿಂದ ತಂದುಕೊಟ್ಟಿದ್ದರು. ಕಿವಿ ಇಲ್ಲದವರಿಗೆ ಕೊಡಿ ಸಾರ್ ಎಂದು ಮೇಸ್ತ್ರಿ ನಗಾಡಿ ವಾಪಸ್ ಕಳಿಸಿದ್ದರು. ಇವತ್ತು ಮೇಸ್ತ್ರಿ ಕಾರಿನ ಬೀಗದ ಕೈಯನ್ನು ಅವರ ಮುಂದೆ ಹಿಡಿದು, ಇದು ನನ್ನ ಕೈಲಿ ಆಗಲ್ಲ, ತೊಗೊಂಡು ಹೋಗಿ ಎನ್ನುತ್ತಾರೆ. ಡಾಕ್ಟರು ಜೋರಾಗಿ ನಗುತ್ತಾರೆ. ನಿಮ್ಮ ಕೈಲಿ ಆಗದ್ದು ಇನ್ಯಾರ ಕೈಲಿ ಆಗುತ್ತೆ, ಅವಸರ ಇಲ್ಲ, ಇನ್ನೊಂದೆರಡು ವಾರ ಇರಲಿ ಎಂದು ಬೀಗದ ಕೈಯನ್ನು ಮೇಸ್ತ್ರಿಯ ಜೇಬಿಗೇ, ಪೈಪಿನ ಪಕ್ಕಕ್ಕೇ ಇಳಿಸಿ ಹೊರಟುಹೋಗುತ್ತಾರೆ.

ಭಾನುವಾರದ ಪೇಪರಿನ ಇಂಥ ಬರಹಗಳ ಕೊನೆಯಲ್ಲಿ ನಿಮ್ಮ ಆಸೆಯೇನು ಎಂದು ಕೇಳುವುದು ವಾಡಿಕೆ. ಕೇಳುವ ಮೊದಲೇ ಮೇಸ್ತ್ರಿ ಕೈ ಒರೆಸಿಕೊಂಡು ಬಂದು ಕೂರುತ್ತಾರೆ. ಹೆಂಡತಿ ಮತ್ತೆ ಕಾರಿನೊಳಗೆ ಕೂತು, ಬಾಗಿಲು ತೆರೆದುಕೊಂಡು ಕೇಳುತ್ತಿದ್ದಾರೆ.

"ನನಗೆ ಕಿವಿ ಕೇಳಲ್ಲ ಅಂತ ಪೇಪರಲ್ಲಿ ಬರೆದುಬಿಡಿ" ಎನ್ನುತ್ತಾರೆ ಮೇಸ್ತ್ರಿ. "ಒಬ್ಬೊಬ್ಬರಿಗೆ ಹೇಳೋಕೆ ನನಗೆ ಬಾಯಿ ಬರಲ್ಲ, ಹೇಳಿದ್ರೂ ನಗ್ತಾರೆ. ಪೆಟ್ರೋಲಲ್ಲಿ ಕಸ ಇರ್ಲಿಲ್ಲ ಅನ್ನೋದನ್ನೂ ಬರೀರಿ. ನಮ್ಮ ಭಾವಮೈದ ಭಾನುವಾರದ ಪೇಪರನ್ನ ಒಂದಕ್ಷರ ಬಿಡದೆ ಓದ್ತಾನೆ."